ದ್ವಿತೀಯ ಪಿ.ಯು.ಸಿ. ಕಲಾ ವಿಭಾಗದ ನಂತರ: ಪದವಿ ಕಾಲೇಜುಗಳ ಆಯ್ಕೆ ಪಟ್ಟಿ ಸಿದ್ಧಪಡಿಸಿಕೊಳ್ಳುವ ಕ್ರಮ

(ವಿದ್ಯಾರ್ಥಿಗಳ ಹಾಗೂ ಪೋಷಕರ ಮಾಹಿತಿಗಾಗಿ)

1. ಪೀಠಿಕೆ

ಇತಿಹಾಸ, ಸಾಹಿತ್ಯ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಮನಃಶಾಸ್ತ್ರ, ತತ್ವಶಾಸ್ತ್ರ, ಪತ್ರಿಕೋದ್ಯಮ, ಭಾಷೆಗಳು ಮುಂತಾದ ಮಾನವಿಕ ವಿಷಯಗಳಲ್ಲಿ ಉನ್ನತ ವ್ಯಾಸಂಗ ಮಾಡಬಯಸುವ ವಿದ್ಯಾರ್ಥಿಗಳು ದ್ವಿತೀಯ ಪಿ.ಯು.ಸಿ. ಫಲಿತಾಂಶ ಪ್ರಕಟವಾದ ನಂತರವೇ ಕಾಲೇಜಿನ ಬಗ್ಗೆ ಯೋಚಿಸುವುದು ವಾಡಿಕೆಯಾಗಿದೆ. ಸಮೀಪದ ಕಾಲೇಜಿಗೆ ಹೋಗಿ, ಅಲ್ಲಿ ಉಳಿದಿರುವ ವಿಷಯ ಸಂಯೋಜನೆಗೆ ಒಪ್ಪಿ, ಅದೇ ದಿನ ಶುಲ್ಕ ಪಾವತಿಸಿ ಬರುವವರೇ ಹೆಚ್ಚು. ಹೀಗೆ ಮಾಡಿದ ಆಯ್ಕೆಯ ಪರಿಣಾಮವು ಮೂರು ವರ್ಷಗಳ ನಂತರ, ಸ್ನಾತಕೋತ್ತರ ಪದವಿಗೆ ಅಥವಾ ಬಿ.ಇಡ್. ಪ್ರವೇಶಕ್ಕೆ ಅರ್ಜಿ ಸಲ್ಲಿಸುವ ಸಂದರ್ಭದಲ್ಲಿ ಗೊತ್ತಾಗುತ್ತದೆ. ಬೇಕಾದ ವಿಷಯವನ್ನು ಪದವಿಯಲ್ಲಿ ಓದಿರುವುದಿಲ್ಲ ಎಂಬ ಒಂದೇ ಕಾರಣದಿಂದ ಅರ್ಜಿ ತಿರಸ್ಕೃತವಾದಲ್ಲಿ ಅದನ್ನು ಸರಿಪಡಿಸಲು ಆಗ ಮಾರ್ಗವಿರುವುದಿಲ್ಲ.

ಇಂಜಿನಿಯರಿಂಗ್, ವೈದ್ಯಕೀಯ ಕೋರ್ಸುಗಳಿಗೆ ಸಾಮಾನ್ಯ ಪ್ರವೇಶ ಪರೀಕ್ಷೆ, ರ‍್ಯಾಂಕ್, ಆಯ್ಕೆ ನಮೂದು ಎಂಬ ನಿಗದಿತ ಕ್ರಮವಿದೆ. ಬಿ.ಎ. ಪದವಿಗೆ ಅಂತಹ ಒಂದೇ ಕ್ರಮವಿಲ್ಲ. ಪ್ರವೇಶದ ಮಾರ್ಗಗಳು ಹಲವು, ಅವುಗಳ ದಿನಾಂಕಗಳೂ ಬೇರೆ ಬೇರೆ. ಆದುದರಿಂದ ವಿದ್ಯಾರ್ಥಿಯು ತನ್ನ ಪಟ್ಟಿಯನ್ನು ತಾನೇ ಸಿದ್ಧಪಡಿಸಿಕೊಳ್ಳಬೇಕಾಗುತ್ತದೆ. ಈ ಪಟ್ಟಿಯನ್ನು ಹೇಗೆ ಸಿದ್ಧಪಡಿಸಬೇಕು, ಯಾವ ಅಂಶಗಳನ್ನು ಪರಿಶೀಲಿಸಬೇಕು, ಯಾವ ತಿಂಗಳಿನಲ್ಲಿ ಏನು ಮಾಡಬೇಕು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ. ಪ್ರಥಮ ಪಿ.ಯು.ಸಿ. ಮುಗಿದ ಬೇಸಿಗೆ ರಜೆಯಲ್ಲಿಯೇ ಈ ಕಾರ್ಯವನ್ನು ಆರಂಭಿಸುವುದು ಸೂಕ್ತ.

2. ರಾಜ್ಯದಲ್ಲಿ ಪದವಿ ಶಿಕ್ಷಣದ ಈಗಿನ ಸ್ವರೂಪ

ಕರ್ನಾಟಕದಲ್ಲಿ 2021-22ನೇ ಸಾಲಿನಿಂದ ರಾಷ್ಟ್ರೀಯ ಶಿಕ್ಷಣ ನೀತಿಯನ್ವಯ ನಾಲ್ಕು ವರ್ಷಗಳ ಆನರ್ಸ್ ಪದವಿ ವ್ಯವಸ್ಥೆಯನ್ನು ಜಾರಿಗೊಳಿಸಲಾಗಿತ್ತು. ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ನಂತರ, 2024ರ ಮೇ ತಿಂಗಳಿನಲ್ಲಿ ಹೊರಡಿಸಿದ ಆದೇಶದಂತೆ 2024-25ನೇ ಸಾಲಿನಿಂದ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಮೂರು ವರ್ಷಗಳ ಪದವಿ ವ್ಯವಸ್ಥೆಯನ್ನು ಪುನಃ ತರಲಾಗಿದೆ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿಯೂ ಹಲವು ಖಾಸಗಿ ವಿಶ್ವವಿದ್ಯಾಲಯಗಳಲ್ಲಿಯೂ ನಾಲ್ಕು ವರ್ಷಗಳ ಪದವಿ ಮುಂದುವರಿದಿದೆ.

ಈ ವ್ಯತ್ಯಾಸವನ್ನು ಪಟ್ಟಿ ಮಾಡುವಾಗಲೇ ತಿಳಿದಿರಬೇಕು. ಮೂರು ವರ್ಷಗಳ ಪದವೀಧರರು ಎರಡು ವರ್ಷಗಳ ಎಂ.ಎ. ಓದಬೇಕಾಗುತ್ತದೆ. ನಾಲ್ಕು ವರ್ಷಗಳ ಪದವೀಧರರಿಗೆ ಒಂದು ವರ್ಷದ ಎಂ.ಎ. ಅವಕಾಶವನ್ನು ಕಲ್ಪಿಸಲಾಗಿದೆ. ಒಟ್ಟು ಅವಧಿಯು ಎರಡರಲ್ಲಿಯೂ ಐದು ವರ್ಷಗಳೇ ಆಗಿರುತ್ತದೆ. ಮೂರು ವರ್ಷಗಳ ನಂತರ ಉದ್ಯೋಗಕ್ಕೆ ಸೇರಲೇಬೇಕಾದ ಕುಟುಂಬದ ಸ್ಥಿತಿ ಇರುವವರಿಗೆ ಮೂರು ವರ್ಷಗಳ ಪದವಿ ಅನುಕೂಲಕರ. ವಿದೇಶದಲ್ಲಿ ಸ್ನಾತಕೋತ್ತರ ವ್ಯಾಸಂಗದ ಆಲೋಚನೆ ಇರುವವರು, ಅಲ್ಲಿನ ಕೆಲವು ವಿಶ್ವವಿದ್ಯಾಲಯಗಳು ಒಟ್ಟು 16 ವರ್ಷಗಳ ವ್ಯಾಸಂಗವನ್ನು ಕೇಳುತ್ತವೆ ಎಂಬುದನ್ನು ಗಮನದಲ್ಲಿಟ್ಟುಕೊಳ್ಳುವುದು.

3. ಮೊದಲು ವಿಷಯ, ನಂತರ ಕಾಲೇಜು

ಬಿ.ಎ. ಪದವಿಯಲ್ಲಿ ಭಾಷಾ ವಿಷಯಗಳ ಜೊತೆಗೆ ಸಾಮಾನ್ಯವಾಗಿ ಮೂರು ಐಚ್ಛಿಕ ವಿಷಯಗಳ ಸಂಯೋಜನೆ ಇರುತ್ತದೆ. ಇತಿಹಾಸ–ಅರ್ಥಶಾಸ್ತ್ರ–ರಾಜ್ಯಶಾಸ್ತ್ರ, ಇತಿಹಾಸ–ಸಮಾಜಶಾಸ್ತ್ರ–ಐಚ್ಛಿಕ ಕನ್ನಡ, ಪತ್ರಿಕೋದ್ಯಮ–ಮನಃಶಾಸ್ತ್ರ–ಐಚ್ಛಿಕ ಇಂಗ್ಲಿಷ್ ಮುಂತಾದವು ಪರಿಚಿತ ಸಂಯೋಜನೆಗಳು. ಎಲ್ಲ ಕಾಲೇಜುಗಳಲ್ಲಿ ಎಲ್ಲ ಸಂಯೋಜನೆಗಳು ಇರುವುದಿಲ್ಲ. ತಾಲ್ಲೂಕು ಮಟ್ಟದ ಕಾಲೇಜುಗಳಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಮತ್ತು ಕನ್ನಡ ದೊರೆಯುವುದು ಹೆಚ್ಚು. ಮನಃಶಾಸ್ತ್ರ, ತತ್ವಶಾಸ್ತ್ರ, ಪತ್ರಿಕೋದ್ಯಮ, ಭೂಗೋಳಶಾಸ್ತ್ರ, ಸಂಗೀತ ಮೊದಲಾದವುಗಳಿಗೆ ಜಿಲ್ಲಾ ಕೇಂದ್ರದ ಅಥವಾ ನಗರದ ಕಾಲೇಜುಗಳನ್ನು ನೋಡಬೇಕಾಗಬಹುದು.

ವಿಷಯಗಳನ್ನು ಆರಿಸುವಾಗ ಈ ಕೆಳಕಂಡ ಅಂಶಗಳನ್ನು ಪರಿಶೀಲಿಸುವುದು:

ಅ) ಎಂ.ಎ. ವ್ಯಾಸಂಗ: ಬಹುತೇಕ ವಿಶ್ವವಿದ್ಯಾಲಯಗಳು ಎಂ.ಎ. ಪ್ರವೇಶಕ್ಕೆ ಸದರಿ ವಿಷಯವನ್ನು ಪದವಿಯಲ್ಲಿ ಐಚ್ಛಿಕವಾಗಿ ಓದಿರುವುದನ್ನು ಅಪೇಕ್ಷಿಸುತ್ತವೆ. ಭಾಷಾ ಪತ್ರಿಕೆಯಾಗಿ ಕನ್ನಡ ಓದಿರುವುದಕ್ಕೂ ಐಚ್ಛಿಕ ಕನ್ನಡ ಓದಿರುವುದಕ್ಕೂ ಇರುವ ವ್ಯತ್ಯಾಸವನ್ನು ಹಲವರು ಪದವಿ ಮುಗಿದ ಮೇಲೆ ತಿಳಿಯುತ್ತಾರೆ.

ಆ) ಶಿಕ್ಷಕ ವೃತ್ತಿ: ಪ್ರೌಢಶಾಲಾ ಶಿಕ್ಷಕರಾಗಬಯಸುವವರು ಬಿ.ಇಡ್. ಬೋಧನಾ ವಿಷಯಗಳಿಗೂ ನೇಮಕಾತಿ ನಿಯಮಗಳಿಗೂ ಹೊಂದುವ ಸಂಯೋಜನೆಯನ್ನು ಆರಿಸಿಕೊಳ್ಳತಕ್ಕದ್ದು. ಹಿಂದಿನ ನೇಮಕಾತಿ ಅಧಿಸೂಚನೆಯೊಂದನ್ನು ಪಡೆದು ಅದರಲ್ಲಿನ ವಿದ್ಯಾರ್ಹತೆಯ ಕಾಲಂ ಓದಿಕೊಳ್ಳುವುದು ಉತ್ತಮ ಮಾರ್ಗ. ಬಿ.ಇಡ್. ಪ್ರವೇಶಕ್ಕೆ ಸಾಮಾನ್ಯ ವರ್ಗದವರಿಗೆ ಪದವಿಯಲ್ಲಿ ಕನಿಷ್ಠ ಶೇ. 50 ಅಂಕ ಅಗತ್ಯ.

ಇ) ಅರ್ಥಶಾಸ್ತ್ರದ ಉನ್ನತ ವ್ಯಾಸಂಗ: ಇದಕ್ಕೆ ಗಣಿತದ ಜ್ಞಾನ ಬೇಕಾಗುತ್ತದೆ. ದೆಹಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಆನರ್ಸ್ ಕೋರ್ಸಿಗೆ ಗಣಿತ ಕಡ್ಡಾಯ ವಿಷಯವಾಗಿದೆ. ಪಿ.ಯು.ಸಿ.ಯಲ್ಲಿ ಗಣಿತ ಇಲ್ಲದವರು ಅಂತಹ ಕೋರ್ಸುಗಳನ್ನು ಪಟ್ಟಿಗೆ ಸೇರಿಸುವ ಮುನ್ನ ಅರ್ಹತೆಯನ್ನು ಖಚಿತಪಡಿಸಿಕೊಳ್ಳುವುದು.

ಈ) ಸ್ಪರ್ಧಾತ್ಮಕ ಪರೀಕ್ಷೆಗಳು: ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಗೆ ಯಾವುದೇ ವಿಷಯದ ಪದವಿ ಸಾಕು. ಈ ಒಂದು ಪರೀಕ್ಷೆಯ ಸಲುವಾಗಿ ಆಸಕ್ತಿಯಿಲ್ಲದ ವಿಷಯವನ್ನು ಮೂರು ವರ್ಷ ಓದುವ ಅಗತ್ಯವಿಲ್ಲ.

4. ಸಂಸ್ಥೆಗಳ ವಿಧಗಳು

(1) ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು: ಕಾಲೇಜು ಶಿಕ್ಷಣ ಇಲಾಖೆಯ ಅಧೀನದಲ್ಲಿರುವ ಈ ಕಾಲೇಜುಗಳು ಬಹುತೇಕ ಎಲ್ಲ ತಾಲ್ಲೂಕುಗಳಲ್ಲಿವೆ. ಶುಲ್ಕ ಕಡಿಮೆ. ಕನ್ನಡ ಮಾಧ್ಯಮದಲ್ಲಿ ಓದಿ ಪರೀಕ್ಷೆ ಬರೆಯಲು ಅವಕಾಶವಿದೆ.

(2) ಅನುದಾನಿತ ಹಾಗೂ ಅನುದಾನರಹಿತ ಖಾಸಗಿ ಕಾಲೇಜುಗಳು: ಒಂದೇ ಆಡಳಿತ ಮಂಡಳಿಯ ಕಾಲೇಜಿನಲ್ಲಿ ಕೆಲವು ವಿಷಯಗಳು ಅನುದಾನಿತವಾಗಿಯೂ ಕೆಲವು ಅನುದಾನರಹಿತವಾಗಿಯೂ ಇರಬಹುದು. ಶುಲ್ಕದಲ್ಲಿ ಗಣನೀಯ ವ್ಯತ್ಯಾಸ ಇರುವುದರಿಂದ ವಿಷಯವಾರು ವಿಚಾರಿಸುವುದು.

(3) ವಿಶ್ವವಿದ್ಯಾಲಯಗಳ ಘಟಕ ಕಾಲೇಜುಗಳು: ಮೈಸೂರಿನ ಮಹಾರಾಜ ಕಾಲೇಜು, 1917ರಲ್ಲಿ ಆರಂಭವಾದ ಧಾರವಾಡದ ಕರ್ನಾಟಕ ಕಾಲೇಜು ಮುಂತಾದವು ಈ ವರ್ಗಕ್ಕೆ ಸೇರುತ್ತವೆ. ಐಚ್ಛಿಕ ವಿಷಯಗಳ ವೈವಿಧ್ಯ ಹಾಗೂ ಸ್ನಾತಕೋತ್ತರ ವಿಭಾಗಗಳ ಸಾಮೀಪ್ಯ ಇವುಗಳ ಅನುಕೂಲ. ಮಹಾರಾಜ ಕಾಲೇಜಿನಲ್ಲಿ ಡಾ. ಎಸ್. ರಾಧಾಕೃಷ್ಣನ್‌ರವರು ತತ್ವಶಾಸ್ತ್ರ ಬೋಧಿಸಿದ್ದರು. ಕುವೆಂಪುರವರು ವಿದ್ಯಾರ್ಥಿಯಾಗಿ, ಅಧ್ಯಾಪಕರಾಗಿ, ಪ್ರಾಂಶುಪಾಲರಾಗಿ ಇದ್ದರು. ಇಂತಹ ಇತಿಹಾಸ ಹೆಮ್ಮೆಯ ವಿಷಯವೇ ಸರಿ. ಆದರೆ ಹಿಂದಿನ ಕೀರ್ತಿಯನ್ನಷ್ಟೇ ನೋಡದೆ, ಈ ವರ್ಷ ತಮ್ಮ ವಿಷಯಕ್ಕೆ ಅಧ್ಯಾಪಕರು ಇದ್ದಾರೆಯೇ ಎಂಬುದನ್ನು ಎಲ್ಲ ಕಾಲೇಜುಗಳಿಗೂ ಸಮನಾಗಿ ಪರಿಶೀಲಿಸತಕ್ಕದ್ದು.

(4) ಕೇಂದ್ರೀಯ ವಿಶ್ವವಿದ್ಯಾಲಯಗಳು: ಕಲಬುರಗಿ ಜಿಲ್ಲೆ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ, ಹೈದರಾಬಾದ್ ವಿಶ್ವವಿದ್ಯಾಲಯ, ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶೀ ಭಾಷೆಗಳ ವಿಶ್ವವಿದ್ಯಾಲಯ, ದೆಹಲಿಯ ವಿಶ್ವವಿದ್ಯಾಲಯಗಳು ಇತ್ಯಾದಿ. ಇವುಗಳ ಶುಲ್ಕ ಸಾಮಾನ್ಯವಾಗಿ ಖಾಸಗಿ ವಿಶ್ವವಿದ್ಯಾಲಯಗಳಿಗಿಂತ ಬಹಳ ಕಡಿಮೆ. ಬೋಧನೆ ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತದೆ.

(5) ಖಾಸಗಿ ಹಾಗೂ ಡೀಮ್ಡ್ ವಿಶ್ವವಿದ್ಯಾಲಯಗಳು: ಇವು ತಮ್ಮದೇ ಪದವಿ ನೀಡುತ್ತವೆ ಮತ್ತು ಹಲವು ಸಂಸ್ಥೆಗಳು ತಮ್ಮದೇ ಪ್ರವೇಶ ಪರೀಕ್ಷೆ ನಡೆಸುತ್ತವೆ. ಕೆಲವು ಸಂಸ್ಥೆಗಳಲ್ಲಿ ಕುಟುಂಬದ ಆದಾಯವನ್ನು ಆಧರಿಸಿ ಪೂರ್ಣ ಅಥವಾ ಭಾಗಶಃ ಶುಲ್ಕ ವಿನಾಯಿತಿ ಇರುತ್ತದೆ. ಘೋಷಿತ ಶುಲ್ಕವನ್ನು ನೋಡಿ ಹಿಂಜರಿಯುವ ಮುನ್ನ ವಿನಾಯಿತಿಯ ನಿಯಮಗಳನ್ನು ಓದಿಕೊಳ್ಳುವುದು.

(6) ವಿಶೇಷ ಕ್ಷೇತ್ರದ ಸಂಸ್ಥೆಗಳು: ದೃಶ್ಯಕಲೆಗೆ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಸಂಗೀತ ಮತ್ತು ಪ್ರದರ್ಶಕ ಕಲೆಗಳಿಗೆ ಮೈಸೂರಿನ ಡಾ. ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯ. ಶಿಕ್ಷಕರ ಶಿಕ್ಷಣಕ್ಕೆ 1963ರಲ್ಲಿ ಸ್ಥಾಪಿತವಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ. ಮಹಿಳೆಯರಿಗಾಗಿ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಹಾಗೂ ಅದರ ಸಂಯೋಜಿತ ಕಾಲೇಜುಗಳು.

(7) ದೂರ ಶಿಕ್ಷಣ: 1996ರಲ್ಲಿ ಸ್ಥಾಪಿತವಾದ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಮತ್ತು ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ. ಉದ್ಯೋಗದಲ್ಲಿದ್ದು ಓದಬೇಕಾದವರಿಗೆ, ಮನೆಯಿಂದ ಹೊರಹೋಗಲು ಸಾಧ್ಯವಾಗದವರಿಗೆ ಇದು ಮಾನ್ಯವಾದ ಮಾರ್ಗ.

5. ಪ್ರವೇಶದ ಮಾರ್ಗಗಳು ಮತ್ತು ಕಾಲಾವಧಿ

ಕಲಾ ವಿಭಾಗದ ವಿದ್ಯಾರ್ಥಿಗಳು ಅವಕಾಶ ಕಳೆದುಕೊಳ್ಳಲು ಅಂಕಗಳ ಕೊರತೆಯಷ್ಟೇ ದಿನಾಂಕಗಳ ಅರಿವಿಲ್ಲದಿರುವುದೂ ಕಾರಣವಾಗುತ್ತದೆ. ಕೆಲವು ಅರ್ಜಿಗಳ ಕೊನೆಯ ದಿನಾಂಕ ಪಿ.ಯು.ಸಿ. ಫಲಿತಾಂಶಕ್ಕೆ ಮುನ್ನವೇ ಮುಗಿದಿರುತ್ತದೆ. ಇತ್ತೀಚಿನ ವರ್ಷಗಳ ರೂಢಿಯಂತೆ ವಿವರ ಹೀಗಿದೆ:

ಆಗಸ್ಟ್‌ನಿಂದ ಅಕ್ಟೋಬರ್ (ದ್ವಿತೀಯ ಪಿ.ಯು.ಸಿ. ನಡೆಯುತ್ತಿರುವಾಗ): ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಐದು ವರ್ಷಗಳ ಸಂಯೋಜಿತ ಕಾನೂನು ಪದವಿಗೆ ನಡೆಯುವ ಕ್ಲಾಟ್ ಪರೀಕ್ಷೆಯ ಅರ್ಜಿ. ಪರೀಕ್ಷೆಯು ಡಿಸೆಂಬರ್ ತಿಂಗಳಿನಲ್ಲಿ ನಡೆಯುತ್ತದೆ. ಬೆಂಗಳೂರಿನ ಭಾರತೀಯ ವಿಶ್ವವಿದ್ಯಾಲಯ ರಾಷ್ಟ್ರೀಯ ಕಾನೂನು ಶಾಲೆಗೆ ಪ್ರವೇಶ ಈ ಮಾರ್ಗದಲ್ಲಿರುತ್ತದೆ. ಕ್ಲಾಟ್ ಬರೆಯದವರು 2009ರಲ್ಲಿ ಸ್ಥಾಪಿತವಾದ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜುಗಳಲ್ಲಿ ಪಿ.ಯು.ಸಿ. ಅಂಕಗಳ ಆಧಾರದ ಮೇಲೆ ಪ್ರವೇಶ ಕೋರಬಹುದು.

ನವೆಂಬರ್‌ನಿಂದ ಮಾರ್ಚ್: ಖಾಸಗಿ ವಿಶ್ವವಿದ್ಯಾಲಯಗಳ ಅರ್ಜಿಗಳು. ಹಲವು ಸಂಸ್ಥೆಗಳು ಒಂದಕ್ಕಿಂತ ಹೆಚ್ಚು ಸುತ್ತುಗಳಲ್ಲಿ ಅರ್ಜಿ ಸ್ವೀಕರಿಸುತ್ತವೆ.

ವರ್ಷದ ಮೊದಲ ತಿಂಗಳುಗಳು: ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯು 2022ರಿಂದ ನಡೆಸುತ್ತಿರುವ ಸಿ.ಯು.ಇ.ಟಿ. ಪರೀಕ್ಷೆಯ ಅರ್ಜಿ. ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೆ ಇದು ಆಧಾರ. ಪರೀಕ್ಷೆಯನ್ನು ಕನ್ನಡವೂ ಸೇರಿ 13 ಭಾಷೆಗಳಲ್ಲಿ ಬರೆಯಬಹುದು. ಯಾವ ವಿಶ್ವವಿದ್ಯಾಲಯದ ಯಾವ ಕೋರ್ಸಿಗೆ ಯಾವ ವಿಷಯಗಳನ್ನು ಬರೆಯಬೇಕು ಎಂಬುದು ಬೇರೆ ಬೇರೆಯಾಗಿರುವುದರಿಂದ, ಅರ್ಜಿ ತುಂಬುವ ಮೊದಲೇ ಕೋರ್ಸುಗಳನ್ನು ಗುರುತು ಮಾಡಿಕೊಂಡಿರಬೇಕು. ಪರೀಕ್ಷೆ ಮುಗಿದ ನಂತರ ಪ್ರತಿ ವಿಶ್ವವಿದ್ಯಾಲಯದಲ್ಲಿ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳುವುದು ಅಗತ್ಯ. ಪರೀಕ್ಷೆ ಬರೆದ ಮಾತ್ರಕ್ಕೆ ಸೀಟು ದೊರೆಯುವುದಿಲ್ಲ.

ಇದೇ ಅವಧಿಯ ಆಸುಪಾಸಿನಲ್ಲಿ ನಾಲ್ಕು ವರ್ಷಗಳ ಸಂಯೋಜಿತ ಶಿಕ್ಷಕ ಶಿಕ್ಷಣ ಕೋರ್ಸಿನ ಪ್ರವೇಶಕ್ಕಾಗಿ ಎನ್.ಸಿ.ಇ.ಟಿ. ಪರೀಕ್ಷೆಯ ಅಧಿಸೂಚನೆ ಹೊರಡುತ್ತದೆ. ಪಿ.ಯು.ಸಿ. ನಂತರ ಪದವಿ ಮತ್ತು ಬಿ.ಇಡ್. ಎರಡನ್ನೂ ಪ್ರತ್ಯೇಕವಾಗಿ ಓದಲು ಐದು ವರ್ಷಗಳು ಬೇಕು. ಈ ಕೋರ್ಸಿನಲ್ಲಿ ಅವು ನಾಲ್ಕು ವರ್ಷಗಳಲ್ಲಿ ಮುಗಿಯುತ್ತವೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಗೆ ಅರ್ಜಿ ಸಲ್ಲಿಸುವವರು ಆಯಾ ವರ್ಷದ ಅಧಿಸೂಚನೆಯನ್ನು ನೋಡುವುದು.

ಪಿ.ಯು.ಸಿ. ಫಲಿತಾಂಶದ ನಂತರ: ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಸೇರಿದ ಕಾಲೇಜುಗಳ ಪ್ರವೇಶ. ಯು.ಯು.ಸಿ.ಎಂ.ಎಸ್. ಎಂಬ ಏಕೀಕೃತ ತಂತ್ರಾಂಶದಲ್ಲಿ ನೋಂದಾಯಿಸಿಕೊಂಡು ವಿಶ್ವವಿದ್ಯಾಲಯ, ಕಾಲೇಜು ಹಾಗೂ ವಿಷಯ ಸಂಯೋಜನೆಯನ್ನು ನಮೂದಿಸಬೇಕು. ನಂತರ ಮೂಲ ದಾಖಲೆಗಳೊಂದಿಗೆ ಕಾಲೇಜಿಗೆ ಹಾಜರಾಗಿ ಪರಿಶೀಲನೆ ಮಾಡಿಸಿಕೊಳ್ಳುವುದು. ತಂತ್ರಾಂಶದಲ್ಲಿ ನಮೂದಾದ ಸಂಯೋಜನೆಯೇ ಅಧಿಕೃತವಾದುದರಿಂದ ಮುದ್ರಿತ ಪ್ರತಿಯನ್ನು ಓದಿ ನೋಡಿದ ನಂತರವೇ ಶುಲ್ಕ ಪಾವತಿಸತಕ್ಕದ್ದು.

6. ಕಾಲೇಜನ್ನು ಪರಿಶೀಲಿಸುವ ಅಂಶಗಳು

ಪಟ್ಟಿಗೆ ಸೇರಿಸುವ ಮುನ್ನ ಪ್ರತಿ ಕಾಲೇಜಿನ ಬಗ್ಗೆ ಈ ಕೆಳಕಂಡ ಪ್ರಶ್ನೆಗಳಿಗೆ ಉತ್ತರ ಪಡೆದು ಬರೆದಿಟ್ಟುಕೊಳ್ಳುವುದು. ಸಾಧ್ಯವಾದಲ್ಲಿ ಕೆಲಸದ ದಿನದಂದು ಖುದ್ದಾಗಿ ಭೇಟಿ ನೀಡುವುದು.

(1) ಅಧ್ಯಾಪಕರು: ನನ್ನ ಐಚ್ಛಿಕ ವಿಷಯಕ್ಕೆ ಎಷ್ಟು ಅಧ್ಯಾಪಕರಿದ್ದಾರೆ? ಅವರಲ್ಲಿ ಕಾಯಂ ಎಷ್ಟು, ಅತಿಥಿ ಉಪನ್ಯಾಸಕರು ಎಷ್ಟು? ಅತಿಥಿ ಉಪನ್ಯಾಸಕರಲ್ಲಿ ಉತ್ತಮ ಬೋಧಕರು ಅನೇಕರಿದ್ದಾರೆ. ಆದರೆ ವಿಭಾಗವು ಅತಿಥಿ ಉಪನ್ಯಾಸಕರನ್ನೇ ಅವಲಂಬಿಸಿದ್ದಲ್ಲಿ, ಅವರ ನೇಮಕವಾಗುವವರೆಗೆ ಸೆಮಿಸ್ಟರಿನ ಆರಂಭದ ತರಗತಿಗಳು ನಡೆಯುತ್ತವೆಯೇ ಎಂಬುದನ್ನು ಹಿರಿಯ ವಿದ್ಯಾರ್ಥಿಗಳಲ್ಲಿ ವಿಚಾರಿಸುವುದು.

(2) ಗ್ರಂಥಾಲಯ: ವಿಜ್ಞಾನ ವಿದ್ಯಾರ್ಥಿಗೆ ಪ್ರಯೋಗಾಲಯ ಹೇಗೋ ಮಾನವಿಕ ವಿಷಯಗಳ ವಿದ್ಯಾರ್ಥಿಗೆ ಗ್ರಂಥಾಲಯ ಹಾಗೆ. ಪುಸ್ತಕಗಳ ಸಂಖ್ಯೆ ಮಾತ್ರ ಕೇಳಿದರೆ ಸಾಲದು. ಪುಸ್ತಕಗಳನ್ನು ಮನೆಗೆ ಕೊಡುತ್ತಾರೆಯೇ, ಸಂಜೆ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ, ತಮ್ಮ ವಿಷಯದ ಹೊಸ ಪುಸ್ತಕಗಳು ಬಂದಿವೆಯೇ, ನಿಯತಕಾಲಿಕೆಗಳು ಬರುತ್ತವೆಯೇ ಎಂಬುದನ್ನು ನೋಡುವುದು.

(3) ಮಾಧ್ಯಮ: ಕನ್ನಡ ಮಾಧ್ಯಮದಲ್ಲಿ ಪಾಠ ನಡೆಯುತ್ತದೆಯೇ? ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷ್ ಮಾಧ್ಯಮದ ಸಂಸ್ಥೆಗೆ ಹೋಗಬಾರದೆಂದೇನೂ ಇಲ್ಲ. ಆದರೆ ಮೊದಲ ವರ್ಷ ಭಾಷಾ ನೆರವಿನ ತರಗತಿಗಳು ಇವೆಯೇ ಎಂದು ಕೇಳಿ ತಿಳಿಯುವುದು.

(4) ಮಾನ್ಯತೆ: ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾಗಿದೆ? 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ವಿಭಜನೆಯಾದ ನಂತರ ಹಾಗೂ ಇತ್ತೀಚೆಗೆ ಹೊಸ ವಿಶ್ವವಿದ್ಯಾಲಯಗಳು ಸ್ಥಾಪನೆಯಾದ ನಂತರ ಹಲವು ಕಾಲೇಜುಗಳ ಸಂಯೋಜನೆ ಬದಲಾಗಿದೆ. ಕಾಲೇಜು ವಿಶ್ವವಿದ್ಯಾಲಯ ಅನುದಾನ ಆಯೋಗದ ಕಾಯ್ದೆ 1956ರ 2(ಎಫ್) ಮತ್ತು 12(ಬಿ) ಪ್ರಕಾರ ಮಾನ್ಯತೆ ಪಡೆದಿದೆಯೇ ಎಂಬುದನ್ನೂ ಕೇಳುವುದು.

(5) ನ್ಯಾಕ್ ಶ್ರೇಣಿ: 1994ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು 4 ಅಂಕಗಳ ಮಾನದಲ್ಲಿ ಶ್ರೇಣಿ ನೀಡುತ್ತಾ ಬಂದಿದೆ. 3.51ಕ್ಕೆ ಮೇಲ್ಪಟ್ಟವು ಅತ್ಯುನ್ನತ ಶ್ರೇಣಿಗೆ ಸೇರುತ್ತವೆ. ಈ ಶ್ರೇಣಿಯು ಇಡೀ ಸಂಸ್ಥೆಗೆ ಸಂಬಂಧಿಸಿದ್ದು, ಇತಿಹಾಸ ವಿಭಾಗಕ್ಕೋ ಕನ್ನಡ ವಿಭಾಗಕ್ಕೋ ಪ್ರತ್ಯೇಕವಾದುದಲ್ಲ. ಫಲಕದಲ್ಲಿರುವ ಶ್ರೇಣಿಯ ಅವಧಿ ಮುಗಿದಿದೆಯೇ ಎಂಬುದನ್ನೂ ನೋಡುವುದು.

(6) ಹಿಂದಿನ ವಿದ್ಯಾರ್ಥಿಗಳು: ಈ ವಿಭಾಗದಿಂದ ಹೊರಬಂದವರು ಎಲ್ಲಿ ಎಂ.ಎ. ಓದುತ್ತಿದ್ದಾರೆ, ಯಾವ ವೃತ್ತಿಯಲ್ಲಿದ್ದಾರೆ? ವಿಭಾಗದ ಮುಖ್ಯಸ್ಥರು ಇದಕ್ಕೆ ಹೆಸರು ಹಿಡಿದು ಉತ್ತರಿಸಬಲ್ಲವರಾದರೆ ಅದು ಒಳ್ಳೆಯ ಲಕ್ಷಣ.

7. ವೆಚ್ಚ, ವಿದ್ಯಾರ್ಥಿವೇತನ ಮತ್ತು ವಸತಿ

ಬಿ.ಎ. ಪದವಿಯಲ್ಲಿ ಬೋಧನಾ ಶುಲ್ಕಕ್ಕಿಂತ ಊಟ, ವಸತಿ ಹಾಗೂ ಪ್ರಯಾಣದ ವೆಚ್ಚವೇ ಅನೇಕ ಕುಟುಂಬಗಳಿಗೆ ಹೆಚ್ಚಾಗಿರುತ್ತದೆ. ಆದುದರಿಂದ ಪ್ರತಿ ಕಾಲೇಜಿನ ಮುಂದೆ ವಾರ್ಷಿಕ ಶುಲ್ಕ, ವಸತಿ, ಊಟ, ಪ್ರಯಾಣ, ಪುಸ್ತಕ ಎಂದು ಐದು ಕಾಲಂ ಬರೆದು ಒಟ್ಟು ಮಾಡಿ, ಮೂರು ಅಥವಾ ನಾಲ್ಕು ವರ್ಷಗಳಿಗೆ ಗುಣಿಸಿ ನೋಡುವುದು. ನಂತರ ಅದರಿಂದ ದೊರೆಯಬಹುದಾದ ನೆರವನ್ನು ಕಳೆಯುವುದು.

ದೊರೆಯಬಹುದಾದ ಮುಖ್ಯ ನೆರವುಗಳು:

– ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದ ಮೂಲಕ ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಹಾಗೂ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ.
– 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿ: ರೈತರ ಮಕ್ಕಳಿಗೆ ಬಿ.ಎ. ಮುಂತಾದ ಪದವಿಗಳಿಗೆ ವಾರ್ಷಿಕ ರೂ. 5,000, ವಿದ್ಯಾರ್ಥಿನಿಯರಿಗೆ ರೂ. 5,500 ಎಂದು ನಿಗದಿಪಡಿಸಲಾಗಿದೆ.
– ವಿದ್ಯಾರ್ಥಿನಿಲಯ ದೊರೆಯದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಡಿ ಊಟ ಮತ್ತು ವಸತಿ ಸಹಾಯ.
– ಸರ್ಕಾರದ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳು. ಕಾಲೇಜಿನ ಪ್ರವೇಶದ ಜೊತೆಯಲ್ಲಿಯೇ ಇದಕ್ಕೂ ಅರ್ಜಿ ಸಲ್ಲಿಸಬೇಕು. ಸ್ಥಳಗಳು ಸೀಮಿತವಾಗಿರುತ್ತವೆ.
– 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ. ಇದರಿಂದ ವಿದ್ಯಾರ್ಥಿನಿಯರಿಗೆ ಜಿಲ್ಲಾ ಕೇಂದ್ರದ ಕಾಲೇಜು ಕೈಗೆಟಕುವಂತಾಗಬಹುದು. ವಿದ್ಯಾರ್ಥಿಗಳು ರಿಯಾಯಿತಿ ಬಸ್ ಪಾಸ್ ಪಡೆಯಬಹುದು. ಬಸ್ಸಿನ ಲಭ್ಯತೆ ಮಾತ್ರವಲ್ಲದೆ ಕೊನೆಯ ಬಸ್ಸಿನ ವೇಳೆಯನ್ನೂ ನೋಡುವುದು.

ವಿದ್ಯಾರ್ಥಿವೇತನದ ಹಣ ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುವುದರಿಂದ ವಿದ್ಯಾರ್ಥಿಯ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಆಧಾರ್, ಅಂಕಪಟ್ಟಿ ಹಾಗೂ ಜಾತಿ ಪ್ರಮಾಣಪತ್ರಗಳಲ್ಲಿ ಹೆಸರಿನ ಅಕ್ಷರಗಳು ಒಂದೇ ರೀತಿ ಇರುವಂತೆ ಮುಂಚಿತವಾಗಿ ಸರಿಪಡಿಸಿಕೊಳ್ಳುವುದು.

8. ಪಟ್ಟಿಯ ರಚನೆ

ಪಟ್ಟಿಯಲ್ಲಿ ಆರರಿಂದ ಎಂಟು ಸಂಸ್ಥೆಗಳಿದ್ದರೆ ಸಾಕು. ಅವುಗಳನ್ನು ಮೂರು ಗುಂಪುಗಳಾಗಿ ವಿಂಗಡಿಸುವುದು:

ಖಚಿತ ಗುಂಪು (2 ಸಂಸ್ಥೆಗಳು): ಪ್ರವೇಶ ದೊರೆಯುವುದರಲ್ಲಿ ಸಂಶಯವಿಲ್ಲದ, ವೆಚ್ಚ ಭರಿಸಬಹುದಾದ, ಬೇಕಾದ ವಿಷಯ ಇರುವ ಕಾಲೇಜುಗಳು. ಈ ಗುಂಪಿನ ಕಾಲೇಜಿನಲ್ಲಿ ಓದಲು ವಿದ್ಯಾರ್ಥಿಗೆ ನಿಜವಾಗಿಯೂ ಮನಸ್ಸಿರಬೇಕು. ಮನಸ್ಸಿಲ್ಲದ ಕಾಲೇಜನ್ನು ಲೆಕ್ಕಕ್ಕಾಗಿ ಸೇರಿಸುವುದು ಸರಿಯಲ್ಲ.

ಸಾಧ್ಯ ಗುಂಪು (2 ರಿಂದ 3): ಹಿಂದಿನ ವರ್ಷದ ಪ್ರವೇಶದ ಅಂಕಗಳಿಗೆ ತಮ್ಮ ನಿರೀಕ್ಷಿತ ಅಂಕಗಳು ಹತ್ತಿರವಿರುವ ಸಂಸ್ಥೆಗಳು.

ಪ್ರಯತ್ನ ಗುಂಪು (2 ರಿಂದ 3): ಸ್ಪರ್ಧೆ ಹೆಚ್ಚಿರುವ ಅಥವಾ ಪ್ರವೇಶ ಪರೀಕ್ಷೆ ಇರುವ ಸಂಸ್ಥೆಗಳು. ಸೀಟು ದೊರೆಯದಿದ್ದರೂ ನಷ್ಟವಿಲ್ಲ. ಆದರೆ ಅರ್ಜಿ ಸಲ್ಲಿಸದಿದ್ದಲ್ಲಿ ದೊರೆಯುವ ಸಾಧ್ಯತೆಯೇ ಇರುವುದಿಲ್ಲ.

ಮಾದರಿ: ಹಾವೇರಿ ಜಿಲ್ಲೆಯ ಗ್ರಾಮವೊಂದರ ವಿದ್ಯಾರ್ಥಿನಿ ಎಂದು ಭಾವಿಸೋಣ. ಕನ್ನಡ ಮಾಧ್ಯಮದಲ್ಲಿ ಓದಿದ್ದಾಳೆ. ಇತಿಹಾಸ ಮತ್ತು ಕನ್ನಡ ಸಾಹಿತ್ಯದಲ್ಲಿ ಆಸಕ್ತಿ. ಊರಿನ ಗುಡಿಯ ಮುಂದಿನ ಶಾಸನವನ್ನು ಓದಲು ಕಲಿಯಬೇಕೆಂಬ ಬಯಕೆ. ಮನೆಯಲ್ಲಿ ಕಾಲೇಜು ಕಂಡವರಿಲ್ಲ. ತಂದೆಯವರಿಗೆ ಎರಡು ಎಕರೆ ಜಮೀನಿದೆ. ದೂರ ಕಳುಹಿಸಲು ಅವರಿಗೆ ಅಳುಕಿದೆ.

ಈಕೆಯ ಪಟ್ಟಿ ಹೀಗಿರಬಹುದು. ಖಚಿತ ಗುಂಪಿನಲ್ಲಿ ಬಸ್ಸಿನಲ್ಲಿ ಹೋಗಿ ಬರಬಹುದಾದ ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಮತ್ತು ಜಿಲ್ಲಾ ಕೇಂದ್ರದ ಒಂದು ಕಾಲೇಜು. ಎರಡರಲ್ಲಿಯೂ ಐಚ್ಛಿಕ ಕನ್ನಡ ಮತ್ತು ಇತಿಹಾಸ ಒಂದೇ ಸಂಯೋಜನೆಯಲ್ಲಿ ಇರುವುದನ್ನು ಖಚಿತಪಡಿಸಿಕೊಂಡ ನಂತರ. ಸಾಧ್ಯ ಗುಂಪಿನಲ್ಲಿ ಧಾರವಾಡದ ಕರ್ನಾಟಕ ಕಲಾ ಕಾಲೇಜು ಹಾಗೂ ಅಲ್ಲಿನ ಮತ್ತೊಂದು ಕಾಲೇಜು, ಸರ್ಕಾರಿ ವಿದ್ಯಾರ್ಥಿನಿಲಯದ ಅರ್ಜಿಯೊಂದಿಗೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕನ್ನಡ ಅಧ್ಯಯನ ಪೀಠವೂ, ಪ್ರಾಚೀನ ಭಾರತೀಯ ಇತಿಹಾಸ ಮತ್ತು ಶಾಸನಶಾಸ್ತ್ರದ ಸ್ನಾತಕೋತ್ತರ ವಿಭಾಗವೂ ಇರುವುದರಿಂದ ಈಕೆಯ ಆಸಕ್ತಿಗೆ ಮುಂದಿನ ದಾರಿಯೂ ಅಲ್ಲಿಯೇ ಕಾಣುತ್ತದೆ. ಪ್ರಯತ್ನ ಗುಂಪಿನಲ್ಲಿ ಮೈಸೂರಿನ ಮಹಾರಾಜ ಕಾಲೇಜು, ಸಿ.ಯು.ಇ.ಟಿ. ಮೂಲಕ ಒಂದು ಕೇಂದ್ರೀಯ ವಿಶ್ವವಿದ್ಯಾಲಯ ಹಾಗೂ ನಾಲ್ಕು ವರ್ಷಗಳ ಸಂಯೋಜಿತ ಶಿಕ್ಷಕ ಶಿಕ್ಷಣ ಕೋರ್ಸು.

ಈ ಪಟ್ಟಿಯಲ್ಲಿ ತಂದೆಯವರ ಅಳುಕಿಗೂ ಮಗಳ ಆಸೆಗೂ ಸ್ಥಾನವಿದೆ ಎಂಬುದನ್ನು ಗಮನಿಸುವುದು. ಧಾರವಾಡದ ವಿದ್ಯಾರ್ಥಿನಿಲಯವನ್ನು ಪೋಷಕರು ಒಮ್ಮೆ ಬಂದು ನೋಡಿದಲ್ಲಿ ಎಷ್ಟೋ ಅನುಮಾನಗಳು ಪರಿಹಾರವಾಗುತ್ತವೆ. ಕೊನೆಗೆ ತಾಲ್ಲೂಕು ಕಾಲೇಜಿಗೇ ಸೇರುವುದಾದರೂ, ಸರಿಯಾದ ಸಂಯೋಜನೆಯೊಂದಿಗೆ ಸೇರಿದರೆ ಮೂರು ವರ್ಷಗಳ ನಂತರ ಧಾರವಾಡದ ಬಾಗಿಲು ತೆರೆದೇ ಇರುತ್ತದೆ.

9. ಮೀಸಲಾತಿ ಮತ್ತು ದಾಖಲೆಗಳು

ಸಂವಿಧಾನದ 371(ಜೆ) ವಿಧಿಯನ್ವಯ ಕಲ್ಯಾಣ ಕರ್ನಾಟಕ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯ ವಿದ್ಯಾರ್ಥಿಗಳಿಗೆ ಶೇ. 70 ಹಾಗೂ ರಾಜ್ಯದ ಇತರೆ ಭಾಗದ ಸಂಸ್ಥೆಗಳಲ್ಲಿ ಶೇ. 8 ಸ್ಥಾನಗಳನ್ನು ಮೀಸಲಿಡಲು ನಿಯಮಗಳಲ್ಲಿ ಅವಕಾಶ ಕಲ್ಪಿಸಲಾಗಿದೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳ ಅರ್ಹ ವಿದ್ಯಾರ್ಥಿಗಳು ಉಪವಿಭಾಗಾಧಿಕಾರಿಗಳಿಂದ ಅರ್ಹತಾ ಪ್ರಮಾಣಪತ್ರವನ್ನು ಮುಂಚಿತವಾಗಿ ಪಡೆದಿಟ್ಟುಕೊಳ್ಳತಕ್ಕದ್ದು.

ಸಿದ್ಧವಾಗಿಟ್ಟುಕೊಳ್ಳಬೇಕಾದ ದಾಖಲೆಗಳು:
ಅ) ಎಸ್.ಎಸ್.ಎಲ್.ಸಿ. ಹಾಗೂ ದ್ವಿತೀಯ ಪಿ.ಯು.ಸಿ. ಅಂಕಪಟ್ಟಿಗಳು
ಆ) ವರ್ಗಾವಣೆ ಪ್ರಮಾಣಪತ್ರ ಮತ್ತು ವ್ಯಾಸಂಗ ಪ್ರಮಾಣಪತ್ರಗಳು
ಇ) ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರ
ಈ) ಅನ್ವಯಿಸುವಲ್ಲಿ ಗ್ರಾಮೀಣ ವ್ಯಾಸಂಗ, ಕನ್ನಡ ಮಾಧ್ಯಮ ಹಾಗೂ ಅಂಗವಿಕಲತೆಯ ಪ್ರಮಾಣಪತ್ರಗಳು
ಉ) ಆಧಾರ್, ಬ್ಯಾಂಕ್ ಪಾಸ್ ಪುಸ್ತಕ, ಭಾವಚಿತ್ರಗಳು
ಊ) ಬೇರೆ ರಾಜ್ಯದ ಅಥವಾ ಬೇರೆ ಮಂಡಳಿಯ ವಿದ್ಯಾರ್ಥಿಗಳಿಗೆ ವಲಸೆ ಪ್ರಮಾಣಪತ್ರ

ಕೇಂದ್ರೀಯ ಸಂಸ್ಥೆಗಳಿಗೆ ಅರ್ಜಿ ಸಲ್ಲಿಸುವ ಇತರೆ ಹಿಂದುಳಿದ ವರ್ಗದವರು ಕೇಂದ್ರ ಸರ್ಕಾರದ ನಮೂನೆಯಲ್ಲಿ ಪ್ರತ್ಯೇಕ ಪ್ರಮಾಣಪತ್ರ ಪಡೆಯಬೇಕು. ರಾಜ್ಯದ ನಮೂನೆಯನ್ನು ಅಲ್ಲಿ ಒಪ್ಪುವುದಿಲ್ಲ.

10. ಎಚ್ಚರಿಕೆಗಳು

– ಮೂಲ ಅಂಕಪಟ್ಟಿಗಳನ್ನು ಪರಿಶೀಲನೆಯ ನಂತರ ಕೂಡಲೇ ಹಿಂದಿರುಗಿಸಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರಲ್ಲಿ ಸೂಚಿಸಿದೆ. ಅವುಗಳನ್ನು ಕಾಲೇಜಿನಲ್ಲಿ ಇರಿಸಿಕೊಳ್ಳಲು ಬಿಡಬಾರದು. ಬೇರೆಡೆ ಸೀಟು ದೊರೆತಾಗ ವಿದ್ಯಾರ್ಥಿಯು ಸಿಕ್ಕಿಹಾಕಿಕೊಳ್ಳುವುದು ಈ ಹಂತದಲ್ಲಿಯೇ.
– ಪ್ರವೇಶ ರದ್ದುಪಡಿಸಿದಲ್ಲಿ ಶುಲ್ಕ ಹಿಂದಿರುಗಿಸುವ ಬಗ್ಗೆಯೂ ಆಯೋಗದ ನಿಯಮಗಳಿವೆ. ರದ್ದತಿ ಅರ್ಜಿಯನ್ನು ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆಯುವುದು. ತಡವಾದಷ್ಟೂ ಹಿಂದಿರುಗುವ ಮೊತ್ತ ಕಡಿಮೆಯಾಗಬಹುದು.
– ಆಯೋಗವು ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ಪರಿಚಯವಿಲ್ಲದ ಸಂಸ್ಥೆಗೆ ಹಣ ಪಾವತಿಸುವ ಮುನ್ನ ಅದನ್ನು ನೋಡುವುದು.
– ರ‍್ಯಾಗಿಂಗ್ ವಿರುದ್ಧ ದೂರು ನೀಡಲು ರಾಷ್ಟ್ರೀಯ ಸಹಾಯವಾಣಿ 1800-180-5522 ಇದೆ.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬಿ.ಎ. ಪ್ರವೇಶಕ್ಕೆ ಸಿ.ಇ.ಟಿ. ಬರೆಯಬೇಕೇ?
ಉತ್ತರ: ಇಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿ.ಇ.ಟಿ. ವೃತ್ತಿಪರ ಕೋರ್ಸುಗಳಿಗೆ ಮಾತ್ರ.

ಪ್ರಶ್ನೆ: ವಿಜ್ಞಾನ ಅಥವಾ ವಾಣಿಜ್ಯ ವಿಭಾಗದಲ್ಲಿ ಪಿ.ಯು.ಸಿ. ಮುಗಿಸಿದವರು ಬಿ.ಎ. ಸೇರಬಹುದೇ?
ಉತ್ತರ: ಸೇರಬಹುದು. ಪಿ.ಯು.ಸಿ.ಯಲ್ಲಿ ಇತಿಹಾಸ ಓದಿರದಿದ್ದರೂ ರಾಜ್ಯದ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಆ ವಿಷಯವನ್ನು ಆರಿಸಿಕೊಳ್ಳಲು ಅಡ್ಡಿಯಿರುವುದಿಲ್ಲ.

ಪ್ರಶ್ನೆ: ಒಂದು ವಿಷಯದಲ್ಲಿ ಅನುತ್ತೀರ್ಣನಾಗಿದ್ದೇನೆ. ಒಂದು ವರ್ಷ ಕಾಯಬೇಕೇ?
ಉತ್ತರ: ಕಾಯಬೇಕಾಗಿಲ್ಲ. 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ವಾರ್ಷಿಕ ಪರೀಕ್ಷೆಗಳ ವ್ಯವಸ್ಥೆಯನ್ನು ತರಲಾಗಿದೆ. ಮುಂದಿನ ಪರೀಕ್ಷೆಯಲ್ಲಿ ಉತ್ತೀರ್ಣರಾದ ಕೂಡಲೇ ಪ್ರವೇಶದ ವಿಸ್ತರಿತ ದಿನಾಂಕವನ್ನು ವಿಚಾರಿಸುವುದು. ದೂರ ಶಿಕ್ಷಣದ ಪ್ರವೇಶವೂ ಸಾಮಾನ್ಯವಾಗಿ ಜುಲೈ ಮತ್ತು ಜನವರಿ ಆವೃತ್ತಿಗಳಲ್ಲಿ ನಡೆಯುತ್ತದೆ.

ಪ್ರಶ್ನೆ: ದೂರ ಶಿಕ್ಷಣದ ಪದವಿಗೆ ಮಾನ್ಯತೆ ಇದೆಯೇ?
ಉತ್ತರ: ಆಯೋಗದ ಅನುಮತಿ ಪಡೆದ ಸಂಸ್ಥೆಯ, ಅನುಮತಿ ಪಡೆದ ಕೋರ್ಸಿನ ಪದವಿಯು ರೆಗ್ಯುಲರ್ ಪದವಿಗೆ ಸಮಾನ. ಸೇರುವ ವರ್ಷಕ್ಕೆ ಅನುಮತಿ ಇದೆಯೇ ಎಂಬುದನ್ನು ಪರಿಶೀಲಿಸುವುದು.

ಪ್ರಶ್ನೆ: ಕಲಾ ವಿಭಾಗ ಓದಿದವರಿಗೆ ಭವಿಷ್ಯವಿಲ್ಲವೆಂದು ಬಂಧುಗಳು ಹೇಳುತ್ತಾರೆ. ಏನು ಮಾಡುವುದು?
ಉತ್ತರ: ಬೋಧನೆ, ಕಾನೂನು, ಆಡಳಿತ, ಪತ್ರಿಕೋದ್ಯಮ, ಸಮಾಜಕಾರ್ಯ, ಅನುವಾದ, ಗ್ರಂಥಾಲಯ, ಪುರಾತತ್ವ ಮುಂತಾದ ಕ್ಷೇತ್ರಗಳಿಗೆ ಈ ಪದವಿಯಿಂದ ದಾರಿಯಿದೆ. ಆದರೆ ಪ್ರತಿಯೊಂದಕ್ಕೂ ಪದವಿಯ ನಂತರ ಮತ್ತೊಂದು ಹೆಜ್ಜೆ ಬೇಕಾಗುವುದು ಸಾಮಾನ್ಯ. ಆ ಹೆಜ್ಜೆ ಯಾವುದೆಂಬುದನ್ನು ಪಟ್ಟಿಯಲ್ಲಿಯೇ ಬರೆದು ಮನೆಯವರಿಗೆ ತೋರಿಸಿದಲ್ಲಿ ಮಾತುಕತೆ ಸುಲಭವಾಗುತ್ತದೆ.

12. ಕೊನೆಯದಾಗಿ

ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿ ಸಂಸ್ಥೆಯ ಮುಂದೆ ವಿಷಯ ಸಂಯೋಜನೆ, ಅರ್ಜಿಯ ಕೊನೆಯ ದಿನಾಂಕ, ಒಟ್ಟು ವೆಚ್ಚ, ವಸತಿ ಹಾಗೂ ಮುಂದಿನ ವ್ಯಾಸಂಗದ ಸಾಧ್ಯತೆಯನ್ನು ನಮೂದಿಸಿ, ಮನೆಯಲ್ಲಿ ಎಲ್ಲರಿಗೂ ಕಾಣುವಂತೆ ಇರಿಸುವುದು. ಪದವಿಪೂರ್ವ ಕಾಲೇಜಿನ ಉಪನ್ಯಾಸಕರಿಗೆ ಒಮ್ಮೆ ತೋರಿಸಿ ಸಲಹೆ ಪಡೆಯುವುದು. ಸಮೀಪದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಪ್ರವೇಶ ಸಮಿತಿಯಲ್ಲಿಯೂ ವಿಚಾರಿಸಬಹುದು. ಇದಕ್ಕೆ ಯಾವುದೇ ಶುಲ್ಕವಿರುವುದಿಲ್ಲ.

ವಿಶೇಷ ಸೂಚನೆ: ಈ ಪುಟದ ಮಾಹಿತಿಯನ್ನು ಸಾರ್ವಜನಿಕರ ಮಾರ್ಗದರ್ಶನಕ್ಕಾಗಿ ನೀಡಲಾಗಿದೆ. ದಿನಾಂಕ, ಶುಲ್ಕ ಹಾಗೂ ಅರ್ಹತೆಗೆ ಸಂಬಂಧಿಸಿದಂತೆ ಆಯಾ ವರ್ಷದ ಅಧಿಸೂಚನೆಯೇ ಅಂತಿಮವಾಗಿರುತ್ತದೆ.